ಗೌರಿ ಹೂವಿಗೆ ನಾಲ್ಕು ದಿನ

ಸೀತುವಿಗೆ ಬೇಕಾಗಿದ್ದದ್ದು ಇನ್ನು ನಾಲ್ಕೇ ದಿನ. ತಾಲೂಕು ಕಚೇರಿಯ ಮುಂದಿನ ಹೂಪಾತಿಯ ಅಂಚಿಗೆ ಅವಳು ಬಿತ್ತಿದ್ದ ಗೌರಿ ಹೂವಿನ ಗಿಡಗಳಲ್ಲಿ ಕಾಯಿ ಉಬ್ಬಿತ್ತು, ಬಲಿತಿರಲಿಲ್ಲ. ಬಲಿತ ಕಾಯಿ ಮುಟ್ಟಿದರೆ ಸಾಕು, ಸಿಡಿದು ಬೀಜ ಚೆಲ್ಲುತ್ತದೆ. ಮುಷ್ಟಿಯೊಳಗೆ ಹಿಡಿದೇ ಬಿಡಿಸಬೇಕೆಂದು ಕಲಿಸಿದವಳು ಅಮ್ಮ.

ಬೀಜವೂ ಅಮ್ಮನದೇ. ಕೊಯಿಲದ ಹತ್ತಿರ ಗುಡ್ಡದ ಬದಿಯಲ್ಲಿ ಅವರ ಗುಡಿಸಲಿತ್ತು. ಮೆಟ್ಟಿಲ ಎರಡೂ ಕಡೆ ಬಿಳಿಯಲ್ಲಿ ನೇರಳೆ ಚುಕ್ಕಿಯ ಗೌರಿ ಹೂ. ಜಾಗ ನಿಮ್ಮದಲ್ಲವೆಂದು ಗುಡಿಸಲು ಕೆಡವಿದ ದಿನ ಅಮ್ಮ ಸೆರಗಿನ ಗಂಟಿನಲ್ಲಿ ಉಳಿಸಿ ತಂದದ್ದು ಆ ಹೂವಿನ ಬೀಜವನ್ನಷ್ಟೇ. ಈಗ ಅಮ್ಮ ಇಲ್ಲ. ಪುತ್ತೂರಿನಲ್ಲಿ ಸೀತುವಿನ ಬಾಡಿಗೆ ಕೋಣೆಯ ಸುತ್ತ ಬರೀ ಸಿಮೆಂಟು. ವರ್ಷ ವರ್ಷ ಬಿತ್ತದಿದ್ದರೆ ಬೀಜ ಸಾಯುತ್ತದೆ. ಬಿತ್ತಲು ಮಣ್ಣು ಬೇಡವೇ? ಮನೆ ಕಟ್ಟಲು ಮೂರು ಸೆಂಟ್ಸ್ ಜಾಗಕ್ಕೆ ಅವಳು ಕೊಟ್ಟ ಅರ್ಜಿ ಇದೇ ಕಚೇರಿಯೊಳಗೆ ಹನ್ನೊಂದು ವರ್ಷದಿಂದ ಮಲಗಿದೆ. ಹೊರಗೆ ಅವಳು ದಿನಗೂಲಿಗೆ ಹೂ ಅರಳಿಸುತ್ತಾಳೆ. ಸರಕಾರದ ಅಂಗಳ ಸಿಂಗರಿಸುವವಳಿಗೆ ತನ್ನದೆಂಬ ಹಿಡಿ ಮಣ್ಣಿಲ್ಲ.

"ನಾಳೆ ಮಂತ್ರಿಗಳು ಬರ್ತಾರೆ," ಎಂದ ಹೂದೋಟದ ಗುತ್ತಿಗೆದಾರನ ಮನುಷ್ಯ ಹರಿಪ್ರಸಾದ್. ಹಿಂದೆಯೇ ಜಾಲ್ಸೂರಿನ ನರ್ಸರಿಯ ಪೋಕರ್‌ನ ಪಿಕಪ್ಪು ಬಂತು. ಅದರ ತುಂಬ ಬಾಡಿಗೆಯ ಗೊಂಡೆ ಹೂವಿನ ಗಿಡ. ಕಪ್ಪು ಪ್ಲಾಸ್ಟಿಕ್ ತೊಟ್ಟೆ ಸಮೇತ ಪಾತಿಯಲ್ಲಿ ಹೂಳುವುದು, ಮಂತ್ರಿ ಹೋದ ಮೇಲೆ ಎತ್ತಿ ವಾಪಸು ಕಳಿಸುವುದು.

"ಈ ಗೌರಿ ಹೂ ಎಲ್ಲ ಕೀಳಿ ಸೀತಕ್ಕ. ಇದೆಂತ ನಿಮ್ಮ ಮನೆ ಅಂಗಳವಾ?"

"ಅಂಗಳ ಇದ್ದಿದ್ರೆ ಇಲ್ಲಿ ಯಾಕೆ ಬಿತ್ತುದು ಮಾರಾಯ್ರೆ? ನಾಲ್ಕು ದಿನ ಬಿಡಿ, ಬೀಜ ಆಗ್ಲಿ."

"ಮಂತ್ರಿಗಳಿಗೆ ಹೇಳ್ಬೇಕಾ, ಸೀತಕ್ಕನ ಕಾಯಿ ಬಲಿಲಿಕ್ಕುಂಟು, ಆಮೇಲೆ ಬನ್ನಿ ಅಂತ?"

ಪೋಕರ್ ನಕ್ಕ. "ಹೇಳಿ ನೋಡಿ. ಸೀತಕ್ಕನ ಗಿಡಕ್ಕೆ ಬೇರಾದ್ರೂ ಉಂಟು. ನನ್ನ ಗೊಂಡೆಯದ್ದು ನೆಂಟರ ಹಾಗೆ, ಬಂದು ಹೋಗುದು."

ಸೀತು ಒಂದು ಕಾಯಿ ಒಡೆದಳು. ಬೀಜ ಹಾಲಿನ ಹಾಗೆ ಬೆಳ್ಳಗಿತ್ತು. ಮತ್ತೆ ಅವಳು ಬೇಡಲಿಲ್ಲ.

ದಾರಿಯಲ್ಲಿ ಮುರಿದ ಮೂರು ಗಿಡಗಳನ್ನು ಬಿಸಾಡಿ ಪೋಕರ್ ಅವುಗಳ ತೊಟ್ಟೆಗಳನ್ನು ಅವಳ ಮುಂದಿಟ್ಟ. ಬೇರಿಗೆ ನೋವಾಗದ ಹಾಗೆ ಮೂರು ಗೌರಿ ಗಿಡಗಳನ್ನು ಮಣ್ಣು ಸಮೇತ ಎತ್ತಿ ಸೀತು ಅವುಗಳಲ್ಲಿ ಕೂರಿಸಿದಳು. ಉಳಿದದ್ದನ್ನು ಕಿತ್ತಳು. ಆಮೇಲೆ ಮೂರನ್ನೂ ಎದೆಗವಚಿಕೊಂಡು ಕಚೇರಿಯ ಮೆಟ್ಟಿಲು ಹತ್ತಿದಳು.

"ಇದೆಂತ?" ತನ್ನ ಮೇಜಿನ ಮೇಲೆ ಬಂದು ಕೂತ ಗಿಡಗಳನ್ನು ಕಂಡು ಅರ್ಜಿ ವಿಭಾಗದ ಗುಮಾಸ್ತೆ ಸಮನ್ವಿತಾ ಎದ್ದು ನಿಂತಳು.

"ನನ್ನ ಅರ್ಜಿ ಇಲ್ಲುಂಟಲ್ಲ ಮೇಡಂ, ಅದರೊಟ್ಟಿಗೆ ಇದೂ ಇರ್ಲಿ. ಜಾಗ ಆದ ದಿನ ಎರಡನ್ನೂ ಕೊಂಡೋಗ್ತೇನೆ. ನೀರು ಹಾಕ್ಲಿಕ್ಕೆ ದಿನಾ ಬರ್ತೇನೆ."

"ಸಾಹೇಬ್ರು ಬೈತಾರೆ."

"ಬೈಲಿ. ಹನ್ನೊಂದು ವರ್ಷದಲ್ಲಿ ನನ್ನ ಹತ್ರ ಒಂದು ಮಾತೂ ಆಡ್ಲಿಲ್ಲ ಅವರು."

ಮಂತ್ರಿ ಬಂದರು, ಗೊಂಡೆ ಹೂ ನೋಡಿದರು, ಹೋದರು. ಮರುದಿನ ಪೋಕರ್ ಗಿಡ ಎತ್ತಿಕೊಂಡ. ಪಾತಿಯಲ್ಲಿ ಸಾಲಾಗಿ ಗುಂಡಿಗಳು ಉಳಿದವು. ಸೀತು ಚೊಂಬು ಹಿಡಿದು ದಿನವೂ ಒಳಗೆ ಹೋದಳು. ಎರಡನೆಯ ದಿನವೇ ಗಿಡಗಳು ಮೇಜಿನ ಮೇಲೇ ಕಿಟಕಿಯ ಬೆಳಕಿಗೆ ಸರಿದಿದ್ದವು. ಯಾರು ಸರಿಸಿದ್ದೆಂದು ಅವಳು ಕೇಳಲಿಲ್ಲ.

ಐದನೆಯ ದಿನ ಸೀತು ನೀರು ಹಾಕುತ್ತಿರುವಾಗಲೇ ಸಮನ್ವಿತಾ ಜಾಗದ ಅರ್ಜಿಗಳ ಕಡತವನ್ನು ಎಳೆದಳು. ಕೈ ತಾಗಿ ಕಾಯಿ ಸಿಡಿಯಿತು. ಕಂದು ಬೀಜಗಳು ಮೇಜಿನ ತುಂಬ.

"ಅಯ್ಯೋ!" ಎಂದು ಸಮನ್ವಿತಾಳೇ ಬಗ್ಗಿ ಆರಿಸತೊಡಗಿದಳು. ಸೀತು ಒಂದೊಂದನ್ನೇ ಸೆರಗಿಗೆ ಹಾಕಿ ಗಂಟು ಬಿಗಿದಳು, ಅಮ್ಮ ಬಿಗಿದ ಹಾಗೆಯೇ. ಒಂದು ಬೀಜ ಮಾತ್ರ ಕಡತದ ಮಡಿಕೆಯೊಳಗೆ ಜಾರಿತ್ತು. ಅದನ್ನು ಕಂಡರೂ ಅವಳು ತೆಗೆಯಲಿಲ್ಲ.

"ಅದು ಅಲ್ಲೇ ಇರ್ಲಿ ಮೇಡಂ," ಎಂದಳು. "ನಾಳೆ ನೀರು ಹಾಕ್ಲಿಕ್ಕೆ ಬರ್ತೇನೆ."