ಎಣಿಸದೆ ಸುಟ್ಟ ಪೀಪಾಯಿ

ಬಿಳಿ ಕಾಗದದ ಮೇಲೆ ಮೂರು ನೆರಳು, ನೆರಳೆಂದರೆ ಕಪ್ಪಗಿರಬೇಕು, ಇವು ಕೆಂಪುಗಂದು, ಕಿಟಕಿಯ ಬಿಸಿಲು ಗ್ಲಾಸಿನೊಳಗೆ ಹೊಕ್ಕು ಅದರ ಬಣ್ಣ ಹೊತ್ತುಕೊಂಡೇ ಆಚೆ ಬಂದಿದೆ, ಮೊದಲನೆಯದು ತೆಳು, ಎರಡನೆಯದು ಸ್ವಲ್ಪ ಗಾಢ, ಮೂರನೆಯದು — ಇದೇನು, ಇಷ್ಟೊಂದು ಕೆಂಪೇ, ಕಾದ ಕಬ್ಬಿಣ ಕಪ್ಪಾಗುವ ಮೊದಲು ಒಂದು ಗಳಿಗೆ ಇರುತ್ತದಲ್ಲ ಆ ಕೆಂಪು. ನಲವತ್ತೊಂದು ವರ್ಷ ಪೀಪಾಯಿ ಮಾಡಿದ್ದೇನೆ, ಅದರೊಳಗೆ ಹೋದದ್ದು ಹೊರಗೆ ಬಂದಾಗ ಹೇಗಿರುತ್ತದೆ ಎಂದು ಒಂದು ದಿನವೂ ನೋಡಿದವನಲ್ಲ, ಹೋಗುವಾಗ ನೋಡಿದ್ದೇನೆ, ನೀರಿನ ಹಾಗಿರುತ್ತದೆ, ಮೆಕ್ಕೆಜೋಳ ಹುದುಗಿಸಿ ಭಟ್ಟಿ ಇಳಿಸಿದ ಹೊಸ ಮದ್ಯಕ್ಕೆ ಬಣ್ಣವೇ ಇಲ್ಲ, ಬಣ್ಣವೆಲ್ಲ ಓಕ್ ಮರದ್ದು, ಸುಟ್ಟ ಮರದ್ದು, ಅಂದರೆ ನನ್ನದು, ಅದು ಗೊತ್ತಿತ್ತು, ಗೊತ್ತಿರುವುದೇ ಬೇರೆ, ಕಣ್ಣೆದುರು ಹೀಗೆ ಬಂದು ಕೂರುವುದೇ ಬೇರೆ. ಮೇಜಿನ ಆಚೆ ಮೂಗಮ್ಮ ಕೂತಿದ್ದಾಳೆ, ಈ ಡಿಸ್ಟಿಲರಿಯಲ್ಲಿ ರುಚಿ ನೋಡುವವರಿಗೆಲ್ಲ ಹಿರಿಯಳು, ಯಾವ ಪೀಪಾಯಿಯದನ್ನು ಯಾವುದರ ಜೊತೆ ಕೂಡಿಸಬೇಕು, ಯಾವುದು ಬಾಟಲಿಗೆ ಹೋಗಬೇಕು, ಎಲ್ಲ ಅವಳ ಮೂಗಿನ ಹುಕುಂ, ಆ ಹೆಸರು ಇಟ್ಟದ್ದು ನಮ್ಮ ಪೀಪಾಯಿ ಶೆಡ್ಡಿನವರು, ಗುಟ್ಟಾಗಿದೆ ಅಂದುಕೊಂಡಿದ್ದೆವು, ಒಂದು ದಿನ ಬಾಗಿಲಲ್ಲಿ ನಿಂತು ಮೂಗಮ್ಮ ಬಂದಿದ್ದಾಳೆ ಅಂತ ಹೇಳ್ರಪ್ಪಾ ಮೇಸ್ತ್ರಿಗಳಿಗೆ ಎಂದು ಅವಳೇ ಕೂಗಿ ನಮ್ಮ ಮರ್ಯಾದೆ ತೆಗೆದಳು. ಈಗಲೂ ಹಾಗೇ ನಗುತ್ತಿದ್ದಾಳೆ, ಹೆದರ್ಬೇಡಿ ಮೇಸ್ತ್ರಿಗಳೇ, ಕಚ್ಚಲ್ಲ ಅದು. ಹೆದರಿಕೆಯೇ, ನನಗೇ? ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಗುಟುಕು ಕುಡಿದು ಸೀಮೆಎಣ್ಣೆ ಇರಬೇಕೆಂದು ಉಗಿದವನು ಮತ್ತೆ ಮುಟ್ಟಲಿಲ್ಲ, ನನಗೆ ಚಹಾ ಸಾಕು. ಕೈ ಯಾಕೋ ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದೆ.

ಮೂರಕ್ಕೂ ಹುಟ್ಟು ಒಂದೇ ಅನ್ನುತ್ತಾಳೆ, ಎಂಟು ವರ್ಷದ ಹಿಂದೆ ಒಂದೇ ದಿನ ಒಂದೇ ಕೊಳವೆಯಿಂದ ಇಳಿದದ್ದು, ಗೋದಾಮಿನ ಒಂದೇ ಸಾಲಿನಲ್ಲಿ ಮಲಗಿದ್ದದ್ದು, ಬೇರೆ ಇದ್ದದ್ದು ಪೀಪಾಯಿ ಮಾತ್ರ. ಮೊದಲನೆಯದು ಯಂತ್ರದ ಪೀಪಾಯಿ, ಹೊರಗಿನಿಂದ ತರಿಸಿದ್ದು, ಉಳಿದ ಎರಡೂ ನಿಮ್ಮ ಮುದ್ರೆ ಇರೋವು ಮೇಸ್ತ್ರಿಗಳೇ, ಆದ್ರೆ ಒಂದೇ ಮನೇವು ಅಂತ ಯಾರೂ ಹೇಳಲ್ಲ, ಯಾಕೆ ಹೀಗೆ ಅಂತ ನಿಮ್ಮನ್ನೇ ಕೇಳೋಣ ಅಂತ ಕರೆಸಿದೆ. ಸ್ಮಾಲ್ ಬ್ಯಾಚ್ ಅಂತ ಮಾಡುತ್ತಾರಲ್ಲ, ಗೋದಾಮಿನಲ್ಲಿರುವುದನ್ನೆಲ್ಲ ದೊಡ್ಡ ತೊಟ್ಟಿಗೆ ಸುರಿಯದೆ ಏಳೆಂಟು ಪೀಪಾಯಿ ಆರಿಸಿ ಅಷ್ಟನ್ನೇ ಕೂಡಿಸುವ ಬರ್ಬನ್ ವಿಸ್ಕಿ, ಅದಕ್ಕೆ ಮೂರು ತಿಂಗಳಿಂದ ಹುಡುಕುತ್ತಿದ್ದಾಳಂತೆ, ನೂರಕ್ಕೂ ಹೆಚ್ಚು ಪೀಪಾಯಿಗೆ ಮೂಗು ಒಡ್ಡಿದ್ದಾಳೆ, ಒಡ್ಡಿ, ಬಾಯಿಗೆ ಹಾಕಿಕೊಂಡು, ಉಗುಳಿ — ಉಗುಳುವುದಕ್ಕೂ ಸಂಬಳ ಕೊಡುತ್ತಾರೆ ನೋಡಿ ಎಂದು ನಾವು ಶೆಡ್ಡಿನಲ್ಲಿ ಎಷ್ಟು ನಕ್ಕಿದ್ದೇವೆ — ಕೊನೆಗೆ ಈ ಮೂರನೆಯದರ ಹತ್ತಿರ ಬಂದು ನಿಂತುಬಿಟ್ಟಳಂತೆ. ಮುಂದಿನ ವರ್ಷ ಅರವತ್ತು ಪೀಪಾಯಿ ಬೇಕು, ಎಲ್ಲ ಇದೇ ಥರ ಇರ್ಬೇಕು. ಅರವತ್ತು ದೊಡ್ಡ ಮಾತಲ್ಲ. ಇದೇ ಥರ ಅಂದರೆ ಯಾವ ಥರ ಎಂದು ತಿಳಿದರೆ ತಾನೇ?

ಬಾಯಿ ಸ್ವಲ್ಪ ತೆರೆದು ಮೂಸಬೇಕಂತೆ, ಇಲ್ಲದಿದ್ದರೆ ಘಾಟು ನೆತ್ತಿಗೇರುತ್ತದೆ, ಬೆಪ್ಪನಂತೆ ಬಾಯಿ ತೆರೆದಿದ್ದೇನೆ, ಇವಳ ಅಮ್ಮ — ನನ್ನ ಹೆಂಡತಿಯನ್ನು ನಾನು ಕರೆಯುವುದೇ ಹಾಗೆ, ಮಗಳು ಇಲ್ಲದಾಗಲೂ ಇವಳ ಅಮ್ಮ — ನೋಡಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಮೊದಲನೆಯದು ಸಿಹಿ, ಐಸ್‌ಕ್ರೀಮಿನ ವೆನಿಲ್ಲಾ, ನಾಲಿಗೆಗೆ ಇಟ್ಟ ಕೂಡಲೇ ಎಲ್ಲ ಹೇಳಿ ಮುಗಿಸುತ್ತದೆ, ಆಮೇಲೆ ಮಾತಿಲ್ಲ, ಕೆಟ್ಟದ್ದೇನಲ್ಲ, ಬಕೆಟ್ಟಿಗೆ ಉಗಿದೆ, ನೀರು ಕುಡಿದೆ, ಒಣ ಬ್ರೆಡ್ಡಿನ ಚೂರು ಅಗಿದೆ. ಎರಡನೆಯದು, ಅರೆ, ಇದು ನಮ್ಮ ಶೆಡ್ಡು, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಬರುವ ಹೊಟ್ಟಿನ ವಾಸನೆ, ಹಲಗೆ ಬಗ್ಗಿಸಲು ಹಾಯಿಸುವ ಹಬೆ, ಅದರ ಹಿಂದೆ ಕರಿಮೆಣಸು, ಸುಟ್ಟ ಸಕ್ಕರೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ, ಬೆಂಕಿಯ ಮುಂದೆ ನಲವತ್ತು ಎಣಿಸಿ ಸರಿಯಾಗಿ ಮುಚ್ಚಳ ಹಾಕಿದ ರುಚಿ. ಅಯ್ಯೋ, ಇದನ್ನು ನಾನು ಮಾಡಿದೆನೇ? ಒಂದು ಹನಿ ಮದ್ಯ ಸುರಿಯದೆ, ಬರೇ ಮರ ಕೆತ್ತಿ, ಕಬ್ಬಿಣದ ಬಳೆ ಹೊಡೆದು, ಒಳಗೆ ಸುಟ್ಟು ಕಳಿಸಿದವನು ನಾನು, ಬೇಸಿಗೆಯಲ್ಲಿ ಮದ್ಯ ಮರದೊಳಗೆ ಹೋಗಿ ಚಳಿಗೆ ಹಿಂದೆ ಬಂದು, ಹೋಗಿ ಬಂದು, ಎಂಟು ವರ್ಷ ನನ್ನ ಕೆಲಸವನ್ನು ಕತ್ತಲಲ್ಲಿ ಓದಿಕೊಂಡು ಕೂತಿತ್ತೇ, ಇಷ್ಟು ವರ್ಷ ಅಷ್ಟೊಂದು ಗೋದಾಮುಗಳಲ್ಲಿ ಇದು ನಡೆಯುತ್ತಿದ್ದಾಗ ನಾನು ಚಹಾ ಕುಡಿಯುತ್ತಾ ಕೂತಿದ್ದೆನೇ. ಮೈ ಜುಮ್ಮೆಂದಿತು. ಮೂಗಮ್ಮನ ಮುಂದೆ ತೋರಿಸಿಕೊಳ್ಳಬಾರದೆಂದು ಕೆಮ್ಮಿದೆ, ಪರವಾಗಿಲ್ಲ ಅಂದೆ.

ಮೂರನೆಯದು. ಮೊದಲು ಏನೂ ಇಲ್ಲ, ಹೊಗೆ, ಇಷ್ಟೇನಾ ಅಂದುಕೊಂಡೆ, ಹೊಗೆಯೊಳಗೊಂದು ಕಹಿ, ಕಹಿಯ ಬೆನ್ನಿಗೆ ಕಿತ್ತಳೆ ಸಿಪ್ಪೆ, ಸಿಪ್ಪೆ ಹಿಂಡಿದಾಗ ಕಣ್ಣಿಗೆ ಚಿಮ್ಮುತ್ತದಲ್ಲ ಅದು, ಆಮೇಲೆ ಸಿಹಿ ಬಂತು, ಮೊದಲನೆಯದರ ಹಾಗೆ ಓಡಿ ಬರಲಿಲ್ಲ, ನಿಧಾನ, ಮನೆಯೊಳಗಿನ ಕೋಣೆಗಳಲ್ಲಿ ಒಂದೊಂದೇ ದೀಪ ಹಾಕುತ್ತಾ ಯಾರೋ ನಡೆದು ಬಂದ ಹಾಗೆ, ಕೆನ್ನೆಯ ಒಳಗೆ, ಅಂಗುಳಕ್ಕೆ, ಕಿವಿಯ ಕೆಳಗೆ, ಅಲ್ಲೆಲ್ಲ ರುಚಿ ಇರುತ್ತದೆ ಎಂದೇ ಗೊತ್ತಿರಲಿಲ್ಲ ನನಗೆ — ಉಗುಳಬೇಕು, ಬಕೆಟ್ಟು ಎದುರಿಗೇ ಇದೆ, ನುಂಗಿದೆ. ನುಂಗಿದರೂ ಹೋಗಲಿಲ್ಲ. ಬಾಯಿ ಬರಿದಾಗಿದೆ, ಅದು ಇನ್ನೂ ಬದಲಾಗುತ್ತಿದೆ, ಒಣಗಿದ ಹಣ್ಣು, ಬಿಸಿ ಕಲ್ಲು, ಮತ್ತೆ ಹೊಗೆ, ಎಷ್ಟು ಹೊತ್ತು ಇರುತ್ತದೆ ನೋಡೋಣ ಎಂದು ಎಣಿಸತೊಡಗಿದೆ, ಅಭ್ಯಾಸ, ಮೆಟ್ಟಿಲು ಹತ್ತಿದರೂ ಎಣಿಸುವವನು, ಇಪ್ಪತ್ತು, ನಲವತ್ತು, ಅರವತ್ತೆರಡೋ ಮೂರೋ, ಅಲ್ಲಿ ಲೆಕ್ಕ ತಪ್ಪಿತು, ಜೀವಮಾನದಲ್ಲಿ ಮೊದಲ ಸಲ ಲೆಕ್ಕ ತಪ್ಪಿತು, ತಪ್ಪಿದರೆ ತಪ್ಪಲಿ ಎಂದು ಸುಮ್ಮನೆ ಕೂತೆ. ಕಣ್ಣಲ್ಲಿ ನೀರು. ಘಾಟು ಅಂದೆ. ಹೂಂ, ನಂಗೂ ಮೊನ್ನೆ ಅದೇ ಘಾಟು ಹತ್ತಿತ್ತು ಅಂದಳು ಮೂಗಮ್ಮ, ನಗಲಿಲ್ಲ. ಪುಸ್ತಕ ತೆರೆದು ಬೆರಳಿಟ್ಟಳು, ಹನ್ನೊಂದನೇ ನಂಬರು, ಕೆಳಗಿನ ಸಾಲಲ್ಲಿ ಗೋಡೆ ಪಕ್ಕದ್ದು, ಆ ದಿನ ಕೊನೆಗೆ ಬಂದದ್ದು ಅಂತ ಬರ್ದಿದೆ.

ಕೊನೆಗೆ ಬಂದದ್ದು. ಎಂಟು ವರ್ಷದ ಹಿಂದಿನ ಆ ದಿನ. ಲಾರಿ ಶೆಡ್ಡಿನ ಮುಂದೆ ನಿಂತಿದೆ, ಡ್ರೈವರು ಹಾರನ್ ಹೊಡೆಯುತ್ತಿದ್ದಾನೆ, ಹನ್ನೊಂದು ಬೇಕು, ಹತ್ತು ಹತ್ತಿಸಿಯಾಗಿದೆ, ಹನ್ನೊಂದನೆಯದು ಬೆಂಕಿಯ ಮೇಲಿದೆ, ಮೇಲೆ ಕೆಳಗೆ ಬಾಯಿ ತೆರೆದ ಪೀಪಾಯಿ, ಒಳಗೆ ಜ್ವಾಲೆ, ಪಕ್ಕದಲ್ಲಿ ತಗಡಿನ ಮುಚ್ಚಳ ಹಿಡಿದು ನಿಂತವಳು ನನ್ನ ಮಗಳು, ಶೆಡ್ಡಿಗೆ ಬಂದು ಮೂರು ವರ್ಷವಾಗಿತ್ತು, ಕೈ ಚೆನ್ನಾಗಿತ್ತು, ನನ್ನದಕ್ಕಿಂತ ಚೆನ್ನಾಗಿತ್ತು, ಯಾರ ಹತ್ತಿರವೂ ಹೇಳಿರಲಿಲ್ಲ. ನಲವತ್ತು ಎಣಿಸುವಷ್ಟು ಹೊತ್ತು ಸುಡಬೇಕು, ನಲವತ್ತಕ್ಕೆ ಮುಚ್ಚಬೇಕು, ನನ್ನ ಗುರು ಕಲಿಸಿದ್ದು, ನಾನು ಕಲಿಸಿದ್ದು, ಶೆಡ್ಡಿನಲ್ಲಿ ಬೆಂಕಿಯ ಮುಂದೆ ನಿಂತವರ ತುಟಿ ಅಲುಗುತ್ತಿರಬೇಕು, ನೋಡಿದರೇ ಗೊತ್ತಾಗುತ್ತದೆ ಎಣಿಸುತ್ತಿದ್ದಾರೆಂದು. ಅವಳ ತುಟಿ ಅಲುಗುತ್ತಿರಲಿಲ್ಲ. ಬೆಂಕಿ ಮುಖದ ಮೇಲೆ ಕುಣಿಯುತ್ತಿದೆ, ತುಟಿ ಮುಚ್ಚಿದೆ, ನನ್ನ ಎಣಿಕೆ ನಲವತ್ತು ದಾಟಿತು, ಐವತ್ತು, ಮುಚ್ಚೇ ಎಂದು ಕೂಗಿದೆ, ತಿರುಗಲಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ, ಮತ್ತೆ ಕೂಗಿದೆ, ತಿರುಗಲಿಲ್ಲ, ಆಮೇಲೆ ತನ್ನ ಪಾಡಿಗೆ ತಾನು ಮುಚ್ಚಳ ಇಟ್ಟಳು. ಒಳಗೆ ಬಗ್ಗಿ ನೋಡಿದರೆ ಉಗುರು ಹೋಗುವಷ್ಟು ಬಿರುಕು, ಹಲಗೆ ಅರ್ಧ ಇದ್ದಿಲಾಗಿದೆ. ಪಿತ್ತ ನೆತ್ತಿಗೇರಿತು. ಕಣ್ಣು ಬಿಟ್ಕೊಂಡು ನಿದ್ದೆ ಮಾಡ್ತೀಯೇನೇ? ಅಪ್ಪ, ನಾನು — ಬಾಯ್ಮುಚ್ಚು, ಎಣಿಸೋಕೆ ಬರದವಳು ನಾಳೆಯಿಂದ ಇಲ್ಲಿ ಕಾಲಿಡಬೇಡ. ಎಲ್ಲರ ಎದುರಿಗೆ. ಅವಳು ಚರ್ಮದ ಏಪ್ರನ್ ಬಿಚ್ಚಿ ಮಡಿಸಿ ಬೆಂಚಿನ ಮೇಲಿಟ್ಟು ಹೋದಳು. ಲಾರಿಯವನ ಹಾರನ್ ನಿಂತಿರಲಿಲ್ಲ, ಬೇರೆ ಮಾಡಲು ಹೊತ್ತಿಲ್ಲ, ಹಾಳಾದ ಪೀಪಾಯಿಗೆ ನನ್ನ ಮುದ್ರೆ ಒತ್ತಿ ಹತ್ತಿಸಿದೆ, ನೂರರಲ್ಲಿ ಒಂದು, ಯಾರಿಗೆ ತಿಳಿಯುತ್ತದೆ ಎಂದು.

ಮಗಳು ಈಗ ಕಿಟಕಿ ಬಾಗಿಲು ಮಾಡುವ ಕಾರ್ಖಾನೆಯಲ್ಲಿದ್ದಾಳೆ, ಎಂಟು ವರ್ಷದಿಂದ, ಒಂದೇ ಮನೆ, ಒಂದೇ ಊಟದ ಮೇಜು, ನಲ್ಲಿ ಸೋರುವುದು, ಪಕ್ಕದ ಮನೆಯವರ ನಾಯಿ, ಇವಳ ಅಮ್ಮನ ಮಂಡಿನೋವು, ಎಲ್ಲ ಮಾತಾಡುತ್ತೇವೆ, ಮರದ ಮಾತು ಮಾತ್ರ ಇಲ್ಲ, ನೀವಿಬ್ರೂ ಒಂದೇ ಅಚ್ಚು, ಒಡೆದ್ರೂ ಬಗ್ಗಲ್ಲ ಅನ್ನುತ್ತಾಳೆ ಇವಳ ಅಮ್ಮ. ಮೂಗಮ್ಮ ಪೆನ್ನು ಹಿಡಿದು ಕಾಯುತ್ತಿದ್ದಾಳೆ, ಎಷ್ಟು ಎಣಿಸಿದ್ರಿ ಮೇಸ್ತ್ರಿಗಳೇ ಇದಕ್ಕೆ? ಮುದ್ರೆ ನನ್ನದು. ಅರವತ್ತೈದು ಅನ್ನಬಹುದು, ಎಪ್ಪತ್ತು ಅನ್ನಬಹುದು, ಬರೆದುಕೊಳ್ಳುತ್ತಾಳೆ, ಹೊಂದಿಸಿಕೊಂಡು ನೋಡಿದರಾಯಿತು, ಹತ್ತು ಪೀಪಾಯಿ ಸುಟ್ಟು ನೋಡಿದರೆ ಒಂದಾದರೂ ಹತ್ತಿರ ಬರಬಹುದು, ಮೇಸ್ತ್ರಿ ಮುದುಕನಾದರೂ ಕೈ ನೋಡಿ ಅನ್ನುತ್ತಾರೆ, ಯಾರಿಗೂ ಮೋಸವಿಲ್ಲ, ನನಗೂ ಮಗಳಿಗೂ ಬಿಟ್ಟು. ಆದರೆ ಅದು ಬಾಯಲ್ಲಿ ಇನ್ನೂ ಇದೆಯಲ್ಲ, ಇಷ್ಟು ಹೊತ್ತಾದರೂ, ಈ ನಾಲಿಗೆಯ ಮೇಲೆ ಅದನ್ನಿಟ್ಟುಕೊಂಡು ಇದೇ ನಾಲಿಗೆಯಿಂದ ಸುಳ್ಳು ಹೇಳುವುದು ಹೇಗೆ, ನಲವತ್ತೊಂದು ವರ್ಷದಲ್ಲಿ ನಾನು ಮಾಡಿದ್ದೆಲ್ಲ ಆ ಎರಡನೆಯ ಗ್ಲಾಸು, ಒಳ್ಳೆಯ ಗ್ಲಾಸು, ಅಷ್ಟೇ, ಇದು ಬೇರೆ, ಇದನ್ನು ಮಾಡಿದವಳನ್ನು ನಾನು ಆಚೆ ಕಳಿಸಿದೆ. ನನ್ನದಲ್ಲ ಮೇಡಂ, ಮುದ್ರೆ ಮಾತ್ರ ನನ್ನದು, ಕೆಲಸ ನನ್ನ ಮಗಳದು, ಎಷ್ಟು ಎಣಿಸಿದಳೋ ನಂಗೊತ್ತಿಲ್ಲ, ಕೇಳಲಿಲ್ಲ ನಾನು, ಹೇಳೋಕೆ ಬಂದ್ಲು, ಬಿಡಲಿಲ್ಲ. ಮೂಗಮ್ಮ ಪೆನ್ನು ಕೆಳಗಿಟ್ಟಳು, ಹಾಗಾದ್ರೆ ಈಗ ಕೇಳಿ ಅಂದಳು.

ಫೋನು ಕಿವಿಗಿಟ್ಟರೆ ಆ ಕಡೆ ಗರಗಸದ ಯಂತ್ರ, ಏನಪ್ಪಾ, ಅಮ್ಮಂಗೆ ಏನಾದ್ರೂ ಆಯ್ತಾ, ಈ ಹೊತ್ತಲ್ಲಿ ಫೋನು. ಅಮ್ಮ ಚೆನ್ನಾಗಿದ್ದಾಳೆ, ಅದಲ್ಲ, ಆ ಹನ್ನೊಂದನೇ ಪೀಪಾಯಿ, ನೀನು ಸುಟ್ಟಿದ್ದು, ಈಗಷ್ಟೇ ಅದರದ್ದು ರುಚಿ ನೋಡ್ದೆ, ಎಷ್ಟು ಎಣಿಸಿದ್ದೆ? ಎಣಿಸಲಿಲ್ಲ ಅಪ್ಪ ಅನ್ನುತ್ತಿದ್ದಾಳೆ, ನಾನು ಯಾವತ್ತೂ ಎಣಿಸ್ತಿರ್ಲಿಲ್ಲ, ನಿಂಗೋಸ್ಕರ ತುಟಿ ಅಲ್ಲಾಡಿಸ್ತಿದ್ದೆ ಅಷ್ಟೆ, ಆವತ್ತು ಅದೂ ಮರ್ತುಹೋಯ್ತು. ಹೊಗೆ ಮೂಸ್ತಿದ್ದೆ, ಮೊದ್ಲು ಹಸಿ ಮರ, ಆಮೇಲೆ ಪಾಕ, ಆಮೇಲೆ ಪಾಕ ಸೀದದ್ದು, ಅದಾದ್ಮೇಲೆ ಒಂದು ಗಳಿಗೆ ಏನೂ ವಾಸ್ನೆ ಇರಲ್ಲ ಅಪ್ಪ, ಬೆಂಕಿ ಇರುತ್ತೆ, ಹೊಗೆ ಇರುತ್ತೆ, ವಾಸ್ನೆ ಇರಲ್ಲ, ಆ ಗಳಿಗೆಗೆ ಕಾಯ್ತಿದ್ದೆ, ನೀನು ಕೂಗ್ದೆ, ಹೆದ್ರಿ ಮುಚ್ಚಿದ್ರೆ ಹಾಳಾಗುತ್ತೆ ಅಂತ ತಿರುಗ್ಲಿಲ್ಲ. ನಲವತ್ತೊಂದು ವರ್ಷ ಬೆಂಕಿಯ ಮುಂದೆ ನಿಂತಿದ್ದೇನೆ, ಲೆಕ್ಕ ತಪ್ಪಬಾರದೆಂದು ಎಷ್ಟು ಗಮನವಿತ್ತೆಂದರೆ ಮೂಸಿ ನೋಡಬೇಕೆಂದು ಒಂದು ಸಲವೂ ಹೊಳೆಯಲಿಲ್ಲ, ಮೂಗು ಇತ್ತಲ್ಲ ನನಗೂ, ಮುಖದ ನಡುವೆಯೇ ಇತ್ತು. ತಪ್ಪಾಯ್ತು ಕಣಮ್ಮಾ ಅಂದೆ. ಮೂಗಮ್ಮ ಕಿಟಕಿಯ ಕಡೆ ತಿರುಗಿ ನಿಂತಳು. ಆ ಕಡೆ ಗರಗಸ ನಿಂತಿತು, ಅವಳೇ ನಿಲ್ಲಿಸಿರಬೇಕು, ಅವಳ ಉಸಿರು ಕೇಳುತ್ತಿದೆ. ಹೇಗಿದೆ ಅಪ್ಪ? ಏನು? ಅದೇ, ನನ್ನ ಪೀಪಾಯೀದು, ನೀನು ಕುಡಿದ್ಯಾ, ನಿಜವಾಗ್ಲೂ ಕುಡಿದ್ಯಾ, ಹೇಗಿದೆ ಹೇಳು. ಹೇಗಿದೆ, ಹೇಗಿದೆ ಅಂದರೆ, ಕಿತ್ತಳೆ ಅನ್ನಲೇ, ಕಲ್ಲು ಅನ್ನಲೇ, ದೀಪ ಅಂದರೆ ನಗುತ್ತಾಳೆ, ಹೇಳಪ್ಪ, ಹೇಳುತ್ತೇನೆ ಇರು, ಇರು — ನನ್ನ ಕೈ ಗ್ಲಾಸು ಎತ್ತಿಕೊಂಡಿದೆ, ಇನ್ನೊಂದು ಕೈ ಫೋನನ್ನು ಕಿವಿಯಿಂದ ತೆಗೆದಿದೆ, ಫೋನನ್ನು ಗ್ಲಾಸಿನ ಬಾಯಿಗೆ ಹಿಡಿದಿದ್ದೇನೆ, ಮೂಸಲಿ ಎಂದು, ಬುದ್ಧಿ ಇದೆಯೇ ನಿನಗೆ, ಫೋನಿಗೆ ಮೂಗಿದೆಯೇ, ಗೊತ್ತು, ಗೊತ್ತಿದ್ದೂ ಹಿಡಿದಿದ್ದೇನೆ, ತಳದಲ್ಲಿ ಉಳಿದ ಒಂದು ಗುಟುಕು ಕೆಂಪು, ಅದರ ಮೇಲೆ ಫೋನು, ಫೋನಿನೊಳಗೆ ಅವಳ ಉಸಿರು, ಗ್ಲಾಸಿನ ಬಾಯಿಗೆ ಫೋನು, ಇನ್ನೂ ಹಿಡಿದಿದ್ದೇನೆ, ಗ್ಲಾಸಿನ ಬಾಯಿಗೆ, ಫೋನು