ಗೇಟಿನ ಮೇಲೆ ಮೂರು ಉಂಗುರ

ಹೊಳೆಯಿತು, ಮತ್ತೆ ಹೊಳೆಯಿತು, ಶಾಲೆಯ ಹಸಿರು ಕಬ್ಬಿಣದ ಗೇಟಿನ ಮೇಲೆ, ಚಿಲಕಕ್ಕಿಂತ ಒಂದು ಗೇಣು ಮೇಲೆ, ಮೂರು ಉಂಗುರ ಒಂದರ ಪಕ್ಕ ಒಂದು, ಇಡೀ ಶುಬ್ರಾ ಬಡಾವಣೆಯ ಬಿಸಿಲು ಬೇರೆ ಜಾಗ ಸಿಗದೆ ಅಲ್ಲೇ ಬಂದು ಕೂತಂತೆ — ಮದುವೆಯ ಉಂಗುರವೂ ಅಲ್ಲ, ಮೆರೆಯುವ ಉಂಗುರವೂ ಅಲ್ಲ, ದಪ್ಪಗೆ ಉಕ್ಕಿನ ಬಣ್ಣಕ್ಕಿರುವ ಅಯಸ್ಕಾಂತದ ಆಟಿಕೆ, ಮಗಳು ವೆರೀನಾಳದು, ಅವಳೀಗ ಆ ಗೇಟಿನ ಒಳಗೆ ಭೌತಶಾಸ್ತ್ರದ ಪ್ರಶ್ನೆಪತ್ರಿಕೆಯ ಮುಂದೆ ಬರಿಗೈಯಲ್ಲಿ ಕೂತಿದ್ದಾಳೆ, ಅವಾತಿಫ್ ಇಲ್ಲಿ ರಸ್ತೆಯ ಈಚೆ ಬದಿಯ ಕಟ್ಟೆಯ ಮೇಲೆ ರಟ್ಟು ಹಾಸಿಕೊಂಡು, ಉಳಿದ ತಾಯಂದಿರ ನಡುವೆ, ಉಂಗುರಗಳನ್ನೇ ನೋಡುತ್ತ — ಆ ಕೋಲು ಕುಂಯ್ ಅನ್ನದೇ ಇದ್ದಿದ್ದರೆ, ಕಳ್ಳ ಫೋನು ಹುಡುಕುವ ಕೋಲು, ತಪಾಸಣೆಯ ಮೇಡಂ ಅದನ್ನು ಹುಡುಗಿಯರ ಮೈಮೇಲೆ ಆಡಿಸುತ್ತ ಆಡಿಸುತ್ತ ವೆರೀನಾಳ ಜೇಬಿನ ಹತ್ತಿರ ಬಂದಾಗ ಕುಂಯ್, ಏನದು, ಉಂಗುರ ಮಿಸ್, ಉಂಗುರಾನೋ ಗಿಂಗುರಾನೋ ಲೋಹ ಒಳಗೆ ಬಿಡಲ್ಲ, ಇದ್ರಲ್ಲಿ ಏನೂ ಇಲ್ಲ ಮಿಸ್ ಕೈಯಲ್ಲಿ ಆಡಿಸೋಕೆ ಅಷ್ಟೆ, ಆಡೋಕೆ ಬಂದಿದ್ದೀಯೋ ಬರೆಯೋಕೆ ಬಂದಿದ್ದೀಯೋ, ಹೊರಗಿಟ್ಟು ಬಾ. ಹುಡುಗಿ ತಿರುಗಿದಳು, ಜನರ ನಡುವೆ ಅಮ್ಮನನ್ನು ಹುಡುಕಿದಳು, ಅವಾತಿಫ್ ಎದ್ದು ಕೈ ಚಾಚಿದಳು, ಕೊಡು ಇಲ್ಲಿ ಕೊಡು, ಆದರೆ ನಡುವೆ ಅಡ್ಡಗಂಬ, ಅಡ್ಡಗಂಬದ ಮುಂದೆ ಮೀಸೆಯ ಪೊಲೀಸು, ಹಿಂದೆ ಸರೀರಿ ತಾಯಂದಿರೇ ಹಿಂದೆ — ಆಗ ವೆರೀನಾ ಅಳಲಿಲ್ಲ, ಮೇಡಂ ಕಾಲಿಗೆ ಬೀಳಲಿಲ್ಲ, ಗೇಟಿನ ಮೇಲೆ ಚಟ್, ಚಟ್, ಚಟ್, ಮೂರನ್ನೂ ಅಂಟಿಸಿ ತಲೆ ಎತ್ತಿಕೊಂಡು ಒಳಗೆ ಹೋದಳು. ನೋಡಿದಿರಾ, ನನ್ನ ಮಗಳು, ಅಂದಳು ಅವಾತಿಫ್ ಪಕ್ಕದವರಿಗೆ, ಎದೆ ಉಬ್ಬಿತು, ಉಬ್ಬಿದ ಎದೆಯೊಳಗೆ ಹೊಡೆತ ಮಾತ್ರ ನಿಲ್ಲಲಿಲ್ಲ, ಅಯ್ಯೋ ದೇವರೇ ಅಷ್ಟು ಹೊತ್ತು ಆ ಕೈ ಏನು ಮಾಡೀತು, ಎಲ್ಲಿಗೆ ಹೋದೀತು. ಹೇರ್‌ಪಿನ್ನು ಸಡಿಲವಾಗಿರಬೇಕು, ಅವಾತಿಫಳ ಕೈ ಕಿವಿಯ ಹಿಂದೆ ಹೋಗಿ ಸರಿಮಾಡಿ ಬಂತು.

ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲವೇ, ತಲೆಗೇ — ಚಳಿಗಾಲದಲ್ಲಿ ಭೌತಶಾಸ್ತ್ರದ ಪುಸ್ತಕ ಕೊಡವಿದಾಗ ಹಾಳೆಗಳ ಸಂದಿಯಿಂದ ಕೂದಲು ಉದುರಿತ್ತು, ಮೊದಲು ಬೆಕ್ಕಿನ ಮೇಲೆ ರೇಗಿದಳು, ಪಾಪ ಬೆಕ್ಕು ಬಿಳಿ, ಕೂದಲು ಕಪ್ಪು, ಅದೂ ಉದ್ದ, ಸಿಟ್ಟಿನಲ್ಲಿ ಅದು ತಲೆಗೆ ಹೋಗಲಿಲ್ಲ — ಆಮೇಲೆ ಒಂದು ದಿನ ಎಣ್ಣೆ ಹಚ್ಚಲು ಕೂರಿಸಿಕೊಂಡರೆ ಎಡಗಿವಿಯ ಮೇಲೆ ಹೆಬ್ಬೆರಳ ಗುರುತಿನಷ್ಟು ಬೋಳು, ನುಣ್ಣಗೆ, ಏನೇ ಇದು, ಏನಿಲ್ಲಮ್ಮ, ಏನಿಲ್ಲ ಅಂದ್ರೆ ಇಲ್ಲಿದ್ದ ಕೂದಲು ಎಲ್ಲೇ, ನಂಗೇ ಗೊತ್ತಾಗಲ್ಲಮ್ಮ ಓದ್ತಾ ಓದ್ತಾ ಕೈ ತಾನೇ ಹೋಗುತ್ತೆ ತಾನೇ ಕೀಳುತ್ತೆ. ಸಾನವಿಯಾ ಪರೀಕ್ಷೆಯ ವರ್ಷ, ಈ ಒಂದು ಪರೀಕ್ಷೆಯಲ್ಲಿ ಬರುವ ಅಂಕದಿಂದಲೇ ಹುಡುಗಿ ಡಾಕ್ಟರೋ ಗುಮಾಸ್ತೆಯೋ ತೀರ್ಮಾನವಾಗುವ ವರ್ಷ, ಇಡೀ ಕಟ್ಟಡವೇ ಟೀವಿಯ ದನಿ ತಗ್ಗಿಸಿ ಕೂತಿತ್ತು. ಮೇಲಿನ ಮಹಡಿಯ ಉಮ್ ನೆಸ್ಮಾ — ಇಲ್ಲಿ ತಾಯಂದಿರಿಗೆಲ್ಲ ಮಕ್ಕಳ ಹೆಸರೇ ಹೆಸರು, ಅವಳ ನೆಸ್ಮಾಳೂ ಈಗ ಒಳಗೆ ಬರೆಯುತ್ತಿದ್ದಾಳೆ — ಆ ಉಮ್ ನೆಸ್ಮಾ ಅಂದಳು, ದೃಷ್ಟಿ ಕಣೇ ಇದು, ಧೂಪ ಹಾಕು, ಧೂಪ ಹಾಕಿದರೆ ಮನೆಯವರೆಲ್ಲ ಕೆಮ್ಮಿದ್ದೇ ಬಂತು, ಗಂಡ ವಗ್ದಿ ಅಂದ, ಪೂರ್ತಿ ಬೋಳಿಸಿಬಿಡು ಕೀಳೋಕೇ ಏನೂ ಇರಲ್ಲ, ಲಿಫ್ಟು ರಿಪೇರಿಯವನಿಗೆ ಎಲ್ಲವೂ ಬಿಚ್ಚಿ ಹಾಕಿದರೆ ಸರಿಹೋಗುವಂಥದ್ದೇ, ಚರ್ಚಿನ ಕ್ಲಿನಿಕ್ಕಿನ ಡಾಕ್ಟರಮ್ಮ ಮಾತ್ರ ನಗಲಿಲ್ಲ, ಮನಸ್ಸಿನ ಭಾರ ಕೈಗೆ ಇಳಿದಿದೆ, ಕೈಗೊಂದು ಕೆಲಸ ಕೊಡಿ ಅಂದಳು. ಕೆಲಸ ತಾನೇ, ಅವಾತಿಫ್ ದ್ರಾಕ್ಷಿ ಎಲೆಯ ರಾಶಿ ಮುಂದಿಟ್ಟಳು, ಅನ್ನ ತುಂಬಿ ಸುತ್ತು, ನನ್ನ ಹಾಗೆ ಕಿರುಬೆರಳಿನಷ್ಟು ಸಣ್ಣಗೆ ಸುತ್ತು, ಹುಡುಗಿ ಸುತ್ತಿದಳು, ಎಂಥ ಚೆಂದ ಸುತ್ತಿದಳು, ಕ್ರಿಸ್‌ಮಸ್ಸಿನ ದಿನ ಅತ್ತೆ ಬಾಯಿಗಿಟ್ಟುಕೊಂಡು ಎಳೆದರು, ಎಳೆದರು, ಬಾಯಿಯಿಂದ ಉದ್ದನೆಯ ಕೂದಲು ಬಂತೇ ಬಂತು — ಆ ಹೊತ್ತಿನ ಮಗಳ ಮುಖ, ಅಮ್ಮಾ ನಾನು ಬೇಕಂತ ಮಾಡಿಲ್ಲ. ಉಂಗುರಗಳನ್ನು ಆಮೇಲೆ ಅವಳೇ ಅತಬಾ ಮಾರುಕಟ್ಟೆಯ ಬೀದಿ ಗಾಡಿಯಿಂದ ತಂದಳು, ಅವಾತಿಫ್ ಕೆಂಡವಾದಳು, ಓದೋ ವರ್ಷದಲ್ಲಿ ಆಟಿಕೇನಾ, ಎರಡು ವರ್ಷದ ಮಗುನಾ ನೀನು, ಕಿತ್ತುಕೊಂಡು ಬಾಲ್ಕನಿಯಿಂದಾಚೆಗೆ ಬೀಸಿ ಎಸೆದಳು, ಅವು ಬಾಲ್ಕನಿಯವರೆಗೆ ಹೋದರೆ ತಾನೇ, ನಡುದಾರಿಯಲ್ಲೇ ಮನಸ್ಸು ಬದಲಿಸಿ ಮೂಲೆಯ ಗ್ಯಾಸ್ ಸಿಲಿಂಡರಿಗೆ ಚಟ್ ಅಂತ ಕಚ್ಚಿಕೊಂಡವು, ವೆರೀನಾ ನಕ್ಕಳು, ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಆ ನಗು ಕೇಳಿದ ಮೇಲೆ ಇನ್ನು ಯಾವ ತಾಯಿ ಬಯ್ಯುತ್ತಾಳೆ, ಅವಾತಿಫಳೇ ಸಿಲಿಂಡರಿನಿಂದ ಅವನ್ನು ಕಿತ್ತು ಮಗಳ ಕೈಗೆ ಕೊಟ್ಟಳು.

ಬೀಳುತ್ತಿದ್ದವು ಮೊದಮೊದಲು, ಮಂಚದ ಕೆಳಗೆ, ಚಪ್ಪಲಿಯೊಳಗೆ, ಬೇಳೆಯ ಸೌಟಿನ ಬೆನ್ನಿಗೆ, ಕೆಳಮನೆಯವರು ಪೊರಕೆ ಕೋಲಿನಿಂದ ಸೂರು ಕುಟ್ಟಿ ಏನ್ರೀ ಅದು ಅನ್ನುವವರೆಗೆ ಬಿದ್ದವು, ಆಮೇಲೆ ಒಂದು ಸಂಜೆ ಬೀಳಲಿಲ್ಲ — ತೋರುಬೆರಳಿಗೊಂದು, ನಡುಬೆರಳಿಗೊಂದು, ಉಂಗುರಬೆರಳಿಗೊಂದು, ಹೆಬ್ಬೆರಳಿನಿಂದ ಹೀಗೆ ಒಂದು ತಳ್ಳು ಅಷ್ಟೆ, ನಡುವಿನದು ಗಿರ್ರನೆ ತಿರುಗುತ್ತದೆ, ಪಕ್ಕದ್ದು ಬಾ ಅಂದರೆ ಇನ್ನೊಂದು ಹೋಗು ಅನ್ನುತ್ತದೆ, ಬೆರಳಿನಿಂದ ಬೆರಳಿಗೆ ಹಾರುತ್ತದೆ, ಅಂಗೈಯ ಹಿಂದೆ ಮಾಯವಾಗಿ ಮುಂದೆ ಬರುತ್ತದೆ, ಚಟ್, ಚಟ್, ಕಣ್ಣು ಪುಸ್ತಕದಲ್ಲಿ, ಬೆರಳು ಆಟದಲ್ಲಿ, ತಲೆಗೆ ಹೋಗಲು ಕೈಗೆ ಪುರುಸೊತ್ತೇ ಇಲ್ಲ. ಈಸ್ಟರ್ ಹೊತ್ತಿಗೆ ಆ ಬೋಳು ಜಾಗದಲ್ಲಿ ಕೋಳಿಮರಿಯ ಮೈಯಂಥ ಮೆತ್ತನೆಯ ಕೂದಲು, ಅವಾತಿಫ್ ಅದಕ್ಕೆ ಮುತ್ತಿಟ್ಟಳು. ಈಗ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದ್ದಾಳೆ, ಟೀ ಮಾರುವವನಿಗೂ ಹೇಳಿದ್ದಾಳೆ, ಆ ಉಂಗುರ ನೋಡಿ, ಅದರಲ್ಲಿ ನನ್ನ ಮಗಳು ಮಾಡೋ ಆಟ ಸರ್ಕಸ್ಸಿನವರಿಗೂ ಬರಲ್ಲ, ಹಲ್ಲಿನ ಡಾಕ್ಟರ್ ಆಗೋ ಕೈ ಅದು, ಬೆರಳು ಎಲ್ಲಾ ನಂದೇ, ನನ್ನಿಂದಲೇ ಬಂದಿದ್ದು, ಇಡೀ ಓಣೀಲಿ ನನ್ನಷ್ಟು ಸಣ್ಣ ದ್ರಾಕ್ಷಿ ಎಲೆ ಸುತ್ತೋರು ಯಾರಿದ್ದಾರೆ ಹೇಳಿ. ಅದೇನೋ ನಿಜ, ಆದ್ರೆ ಉಪ್ಪು ಯಾವಾಗ್ಲೂ ಒಂದ್ಚೂರು ಕಮ್ಮಿ, ಅಂದಳು ಉಮ್ ನೆಸ್ಮಾ, ಎಳ್ಳು ಬ್ರೆಡ್ಡು ಮುರಿದು ಕೊಡುತ್ತ, ತಿನ್ನು ಸುಮ್ನೆ, ತಲೇಲಿರೋ ಕೈ ತೆಗಿ, ಬಿಸಿಲಿಗೆ ನವೆ ಜಾಸ್ತಿಯಾಗುತ್ತೆ. ನವೆ ಅಲ್ಲ, ಪಿನ್ನು. ಬ್ರೆಡ್ಡನ್ನು ರಟ್ಟಿನ ಮೇಲಿಟ್ಟು ಅವಾತಿಫ್ ಎದ್ದು ಮೀಸೆಯ ಪೊಲೀಸಿನ ಹತ್ತಿರ ಹೋದಳು, ಅಣ್ಣಾ, ನಿನ್ನ ಮಕ್ಕಳು ಚೆನ್ನಾಗಿರ್ಲಿ, ಆ ಮೂರು ಉಂಗುರ ಒಳಗೆ ಒಂದು ಹುಡುಗಿಗೆ ತಲುಪಿಸಿಬಿಡು, ಎಡಗಡೆ ಬೆಂಚಲ್ಲಿರ್ತಾಳೆ, ಉದ್ದ ಜಡೆ. ಏನ್ ತಾಯೀ ಮದ್ವೆ ಒಳಗೇ ಮುಗಿಸ್ಬೇಕಾ, ಅಂದ ಅವನು, ಸುತ್ತಲಿನವರು ನಕ್ಕರು. ನಗಬೇಡಿ, ಅದಿಲ್ದಿದ್ರೆ ನನ್ನ ಮಗಳ ಕೈ — ಮುಂದಿನ ಮಾತನ್ನು ನುಂಗಿಕೊಂಡಳು, ಇಷ್ಟೊಂದು ಜನರ ಮುಂದೆ ಮಗಳ ತಲೆಯ ಮಾತು ಆಡುವುದೇ, ಸಾಯುತ್ತಾಳೆಯೇ ಹೊರತು ಆಡುವುದಿಲ್ಲ. ಪೊಲೀಸು ಅವಳ ಮುಖ ನೋಡಿ ದನಿ ಇಳಿಸಿದ, ನನಗೂ ಒಬ್ಬಳು ಮಗಳಿದ್ದಾಳೆ ತಾಯೀ, ಆದ್ರೆ ಒಂದು ಸೂಜಿ ಒಳಗೆ ಕಳಿಸಿದ್ರೂ ನನ್ನ ತೋಳಿನ ಪಟ್ಟಿ ಬಿಚ್ಚುತ್ತಾರೆ, ಹೋಗಿ ನೆರಳಲ್ಲಿ ಕೂತ್ಕೊಳ್ಳಿ, ಅವನ್ನ ಯಾರೂ ಮುಟ್ಟದ ಹಾಗೆ ನಾನು ನೋಡ್ಕೋತೀನಿ. ಅವಾತಿಫ್ ಬಂದು ಮತ್ತೆ ರಟ್ಟಿನ ಮೇಲೆ ಕೂತಳು.

ಬಿಸಿಲು ಜರುಗಿತು, ಉಂಗುರಗಳ ಹೊಳಪು ಹೋಗಿ ಬರೀ ಮೂರು ಸೊನ್ನೆಗಳಾದವು, ಛೇ ಸೊನ್ನೆ ಅನ್ನಬಾರದು, ಪರೀಕ್ಷೆಯ ದಿನ ಅಂಥ ಮಾತು ಮನಸ್ಸಿಗೂ ಬರಬಾರದು — ಒಂದು ಪಕ್ಕದಲ್ಲಿ ಯಾರೋ ಕುರಾನು ಗುನುಗುತ್ತಿದ್ದಾರೆ, ಇವಳ ತುಟಿಯಲ್ಲಿ ಕೀರ್ತನೆ, ಎರಡೂ ಒಂದೇ ಗೇಟಿನ ಕಡೆಗೆ ಹೋಗುತ್ತಿವೆ — ಈಗ ಎರಡನೆಯ ಪುಟ ತಿರುಗಿಸಿರಬೇಕು, ಈಗ ಗೊತ್ತಿಲ್ಲದ ಲೆಕ್ಕ ಬಂದಿರಬೇಕು, ಈಗ ಎಡಗೈ ಮೇಜು ಬಿಟ್ಟು ಮೇಲೇಳುತ್ತದೆ, ಬೇಡ ಮಗಳೇ, ಕುತ್ತಿಗೆ ದಾಟುತ್ತದೆ, ಬೇಡ, ಕಿವಿಯ ಮೇಲಿನ ಆ ಎಳೆಗೂದಲು, ಒಂದೊಂದಾಗಿ, ಸಣ್ಣ ನೋವು, ನೋವಿನ ಹಿಂದೆಯೇ ಒಂದು ಹಗುರ, ಮತ್ತೆ ಇನ್ನೊಂದು — ಆ ಹಗುರ ತನಗೆ ಹೇಗೆ ಗೊತ್ತು, ಯಾರೂ ಹೇಳಿಲ್ಲವಲ್ಲ, ವೆರೀನಾ ಕೂಡ ಹೇಳಿಲ್ಲ. ಉಮ್ ವೆರೀನಾ, ಅಂದಳು ಪಕ್ಕದಿಂದ ಉಮ್ ನೆಸ್ಮಾ, ದನಿಯಲ್ಲಿ ತಮಾಷೆಯೇ ಇರಲಿಲ್ಲ, ಏನ್ ಮಾಡ್ಕೋತಿದ್ದೀಯೇ ನೀನು, ನೋಡ್ಕೋ ಮಡಿಲು. ಕಪ್ಪು ಲಂಗದ ಮೇಲೆ ಕೂದಲು, ಬಿಳಿಯವು, ಅರೆಬಿಳಿಯವು, ಉದ್ದುದ್ದ, ಒಂದರ ಮೇಲೊಂದು, ಬೆರಳ ಸಂದಿಯಲ್ಲಿ ಇನ್ನೂ ಒಂದು, ಬುಡಸಮೇತ — ಕಿವಿಯ ಹಿಂದೆ ಮುಟ್ಟಿದಳು, ಪಿನ್ನು ಬಿಗಿಯಾಗಿಯೇ ಇತ್ತು, ಪಿನ್ನಿನ ಕೆಳಗೆ ಚರ್ಮ ನುಣ್ಣಗಿತ್ತು. ಮದುವೆಯ ದಿನ ಅವ್ವ ಅಲ್ಲೇ ತಾನೇ ದೊಡ್ಡ ಬಿಳಿ ಹೂವು ಸಿಕ್ಕಿಸಿದ್ದು, ಫೋಟೋದವನು ಹೂ ಇನ್ನೊಂದು ಪಕ್ಕ ಇದ್ರೆ ಚೆನ್ನಾಗಿ ಕಾಣುತ್ತೆ ಅಂದಾಗ ಸಿಡುಕಿದ್ದು, ನೀನು ಫೋಟೋ ತೆಗಿ, ಹೂ ಇಲ್ಲೇ ಇರುತ್ತೆ, ನಿಶ್ಚಿತಾರ್ಥವಾದ ಮೇಲೆ ವಗ್ದಿ ಲಿಬಿಯಾಕ್ಕೆ ದುಡಿಯಲು ಹೋಗಿ, ತಿಂಗಳುಗಟ್ಟಲೆ ಸುದ್ದಿಯೇ ಇಲ್ಲದೆ, ಕೊನೆಗೆ ಮದುವೆಗೆ ಮರಳಿ ಬಂದ ವರ್ಷ ಅದು, ಬಿಗಿಜಡೆ ಹಾಕಿ ಹಾಕಿ ಕೂದಲು ಸವೆದಿದೆ ಅಂತ ಅವ್ವ ಬಂದವರಿಗೆಲ್ಲ ಹೇಳಿದ್ದಳು, ಹೇಳಿದ್ದನ್ನು ಅವಾತಿಫ್ ಇವತ್ತಿನವರೆಗೆ ನಂಬಿದ್ದಳು. ಬೆರಳು ಎಲ್ಲಾ ನಂದೇ ಅಂತ ಊರಿಗೆಲ್ಲ ಸಾರಿದಳಲ್ಲ, ನಿಜ, ಇದೂ ನಂದೇ, ಮಗು ಇದನ್ನೂ ನನ್ನಿಂದಲೇ ತೆಗೆದುಕೊಂಡಿತು, ಬೆಕ್ಕಿಗೆ ಬಯ್ದೆ, ಧೂಪ ಹಾಕಿದೆ, ಕನ್ನಡಿಯ ಮುಂದೆ ನಿಂತು ತಲೆ ತಿರುಗಿಸಿ ನೋಡಲೇ ಇಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು.

ಗಂಟೆ, ಗೇಟು ಕಿರ್ರನೆ ತೆರೆಯಿತು, ತೆರೆದ ಬಾಗಿಲ ಜೊತೆ ಉಂಗುರಗಳೂ ಅರ್ಧ ಸುತ್ತು ಹೊರಳಿದವು, ಹುಡುಗಿಯರು ನುಗ್ಗಿದರು, ಅರ್ಧ ಜನ ಅಳುತ್ತಲೇ, ಕೊನೇ ಲೆಕ್ಕ ಪುಸ್ತಕದಲ್ಲೇ ಇಲ್ಲ, ಕೊಟ್ಟೋರಿಗೆ ಕಣ್ಣಿಲ್ವಾ, ನೆಸ್ಮಾ ತಾಯಿಯ ಹೆಗಲಿಗೆ ಬಿದ್ದು ಗೊಳೋ ಅಂದಳು, ಪೊಲೀಸು ದಾರಿ ಬಿಡಿ ದಾರಿ ಬಿಡಿ — ಅವಾತಿಫ್ ಅಡ್ಡಗಂಬ ತಳ್ಳಿಕೊಂಡು ನುಗ್ಗಿದಳು, ವೆರೀನಾ ಕೊನೆಗೆ ಬಂದಳು, ನಿಧಾನಕ್ಕೆ, ತಾಯಿಯ ಕಣ್ಣು ಮೊದಲು ಹೋದದ್ದು ಎಡಗಿವಿಯ ಮೇಲಕ್ಕೆ, ಕೂದಲು ಇತ್ತು, ಅಷ್ಟೂ ಇತ್ತು, ಬೆವರಿಗೆ ಒದ್ದೆಯಾಗಿ ಅಂಟಿಕೊಂಡಿತ್ತು, ದೇವರೇ. ಏನು ಮಾಡ್ದೆ, ಅಷ್ಟು ಹೊತ್ತು ಏನು ಮಾಡ್ದೆ ಕೈಗೆ, ಅಂದಳು, ಪರೀಕ್ಷೆ ಹೇಗಾಯಿತು ಅಂತ ಕೇಳುವುದೂ ಮರೆತುಹೋಯಿತು. ಉಂಗುರ ಇದೆ ಅಂದ್ಕೊಂಡು ಆಡಿಸ್ದೆ ಅಮ್ಮ, ಅಂದಳು ಹುಡುಗಿ, ಖಾಲಿ ಬೆರಳುಗಳನ್ನು ಗಾಳಿಯಲ್ಲಿ ಕುಣಿಸಿ ತೋರಿಸಿದಳು, ತೋರು, ನಡು, ಉಂಗುರಬೆರಳು, ಇಲ್ಲದ ಉಂಗುರ ಹಾರಿತು, ಅಂಗೈಯ ಹಿಂದೆ ಹೋಯಿತು, ಮುಂದೆ ಬಂತು, ಅವಾತಿಫಳ ಕಿವಿಗೆ ಚಟ್ ಅಂತ ಕೇಳಿಸಿಯೂ ಕೇಳಿಸಿತು, ಮೇಲ್ವಿಚಾರಕಿಗೆ ನಂಗೆ ಹುಚ್ಚು ಹಿಡಿದಿದೆ ಅನ್ಸಿರ್ಬೇಕು, ಬಿಡು, ಕೊನೇ ಲೆಕ್ಕಾನೂ ಮಾಡಿ ಬಂದೆ. ಎಂಥ ಮಗಳು, ಯಾರ ಮಗಳು, ಹಾಗೆಂದು ಕೂಗಬೇಕು ಅನ್ನಿಸಿತು, ಕೂಗಲು ಬಾಯಿ ತೆರೆಯುವಷ್ಟರಲ್ಲಿ ವೆರೀನಾಳ ಕಣ್ಣು ತಾಯಿಯ ಲಂಗದ ಮೇಲೆ, ಲಂಗದಿಂದ ಕಿವಿಯ ಹಿಂದಕ್ಕೆ, ಪಿನ್ನಿನ ಕೆಳಗಿನ ಜಾಗಕ್ಕೆ. ಹುಡುಗಿ ಲಂಗದ ಮೇಲಿನ ಕೂದಲನ್ನು ಕೈಯಿಂದ ಮೆಲ್ಲಗೆ ಕೊಡವಿದಳು, ಮಗುವಿನ ಬಟ್ಟೆಯ ಮಣ್ಣು ಕೊಡವುವ ಹಾಗೆ, ಆಮೇಲೆ ಗೇಟಿನಿಂದ ಉಂಗುರಗಳನ್ನು ಕಿತ್ತಳು, ತಾಯಿಯ ಬಲಗೈ ಹಿಡಿದು, ಮಣಿಕಟ್ಟಿನ ಹಚ್ಚೆಯ ಶಿಲುಬೆ ಮೇಲೆ ಬರುವಂತೆ ತಿರುಗಿಸಿ, ತೋರುಬೆರಳಿಗೊಂದು, ನಡುಬೆರಳಿಗೊಂದು, ಉಂಗುರಬೆರಳಿಗೊಂದು ತೊಡಿಸಿದಳು. ನಿಧಾನ ಅಮ್ಮ, ಅಂದಳು, ಮೊದಮೊದಲು ಬೀಳುತ್ತೆ. ಬೀಳೋದಾ, ಓಣಿಗೇ ಸಣ್ಣ ಎಲೆ ಸುತ್ತೋ ಕೈ ಕಣೇ ಇದು, ಅಂದಳು ಅವಾತಿಫ್, ಕಣ್ಣು ಒರೆಸಿಕೊಳ್ಳಲು ಎಡಗೈ ಇತ್ತು, ಹೆಬ್ಬೆರಳಿನಿಂದ ಒಂದು ತಳ್ಳು, ನಡುವಿನದು ಗಿರ್ರನೆ ಒಂದು ಸುತ್ತು, ಒಂದೇ ಸುತ್ತು, ಬೆರಳು ಬಿಟ್ಟು ಹಾರಿತು, ಚಟ್ — ಮಗಳು ನಗುತ್ತಿದ್ದಾಳೆ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಹಸಿರು ಗೇಟಿನ ಮೇಲೆ, ಚಿಲಕಕ್ಕಿಂತ ಒಂದು ಗೇಣು ಮೇಲೆ, ಬಿಸಿಲಲ್ಲಿ, ಒಂದು ಉಂಗುರ.