ಔಸೇಪನ ಗೋಡೆಯ ಗೆರೆ

ಕೊಲ್ಲಂನ ಗೇರುಬೀಜದ ಕಾರ್ಖಾನೆಯ ಹನ್ನೊಂದು ಹೆಂಗಸರು ವಾರದ ಕೂಲಿ ಬಿಟ್ಟು ದೋಣಿಯಲ್ಲಿ ಕುಟ್ಟನಾಡಿಗೆ ಬಂದಿಳಿದದ್ದು ನೆರೆ ಬಿಟ್ಟುಹೋದ ಕೆಸರು ಎತ್ತುವುದಕ್ಕೆ. ಅವರ ಮುಂದಾಳು ವಿಲಾಸಿನಿಗೆ ಒಂದು ಚಟವಿತ್ತು, ಹಿಡಿದ ಕೆಲಸವನ್ನು ಒಂದು ಕೈ ಹೆಚ್ಚೇ ಮಾಡುವುದು. ಮುದುಕ ಔಸೇಪನ ಮನೆಯಲ್ಲಿ ಎರಡು ದಿನ ಕೆಸರು ತೋಡಿ, ಗೋಡೆ ಉಜ್ಜಿ ತೊಳೆದ ಮೇಲೆ, ಕ್ರಿಮಿ ಸಾಯಲೆಂದು ನೆಲಕ್ಕೆ ಎರಚಲು ತಂದಿದ್ದ ಸುಣ್ಣದಲ್ಲಿ ಒಂದಿಷ್ಟು ಉಳಿಯಿತು. ಹೊತ್ತು ತಿರುಗುವುದೇಕೆಂದು ಗೋಡೆಗೆಲ್ಲ ಬಳಿಸಿಬಿಟ್ಟಳು. ನೆರೆ ಸಂತ್ರಸ್ತರ ಶಿಬಿರದಿಂದ ಮರಳಿದ ಔಸೇಪ ಹೊಸಿಲಲ್ಲೇ ನಿಂತ. ಅವನ ಮದುವೆಯ ದಿನವೂ ಮನೆ ಇಷ್ಟು ಬೆಳ್ಳಗಿರಲಿಲ್ಲವಂತೆ.

ಮರುದಿನ ಬೆಳಿಗ್ಗೆ ಹಾನಿ ಬರೆದುಕೊಳ್ಳಲು ಪಂಚಾಯ್ತಿಯ ಓವರ್‌ಸಿಯರ್ ಬಂದ. ನೀರು ನಿಂತ ಗೆರೆ ಹುಡುಕಿ, ಟೇಪು ಹಿಡಿದು, ಫೋಟೋ ತೆಗೆಯುವುದು ಅವನ ಕೆಲಸ. ಇಲ್ಲಿ ಟೇಪು ಜೇಬಿನಿಂದ ಹೊರಗೇ ಬರಲಿಲ್ಲ.

"ಗೆರೆ ಇಲ್ಲ ಅಂದ್ಮೇಲೆ ನೀರೂ ಬಂದಿಲ್ಲ," ಎಂದ.

ಔಸೇಪ ಪಕ್ಕದ ಮನೆ ತೋರಿಸಿದ. ಅಲ್ಲಿನ ಗೆರೆ ಅಲ್ಲಿಯವರಿಗೇ ಆಯಿತು ಎಂದು ಉತ್ತರ ಬಂತು. ಪಟ್ಟಿಗೆ ಹೆಸರು ಸೇರದಿದ್ದರೆ ಪರಿಹಾರವಿಲ್ಲ. ಸಡಿಲಾದ ತಳಪಾಯ, ನೀರು ಕುಡಿದು ಉಬ್ಬಿದ ಬಾಗಿಲು ಎಲ್ಲ ಮುದುಕನ ಪಾಲಿಗೇ. ಅವನು ಸುಣ್ಣವನ್ನು ಬೈಯಲಿಲ್ಲ, ವಿಲಾಸಿನಿಯ ಕಡೆ ನೋಡಲೂ ಇಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಓವರ್‌ಸಿಯರ್ ದೋಣಿ ಹತ್ತುವ ಕಡವಿಗೆ ಹೋಗುವಷ್ಟರಲ್ಲಿ ಅವನ ದೋಣಿಯ ಹಗ್ಗ ಅವಳ ಮುಷ್ಟಿಯಲ್ಲಿತ್ತು.

"ಗೆರೆ ಗೋಡೆ ಮೇಲಿಲ್ಲ ಸಾರ್, ನಮ್ಮ ತೋಳಲ್ಲಿದೆ. ಎಲ್ಲಿವರೆಗೆ ಕೆಸರು ಉಜ್ಜಿದ್ವಿ ಅಂತ ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳಿ. ಒಬ್ಬಳದ್ದು ಒಂದು ಗೇಣು ತಪ್ಪಿದ್ರೂ ನಾನೇ ಹಗ್ಗ ಬಿಡ್ತೀನಿ."

"ಕೇಳದೇ ಹೋದ್ರೆ?"

"ಈಜು ಬರತ್ತಾ ಸಾರ್?"

ದೋಣಿಯವನು ಬೇರೆ ಕಡೆ ತಿರುಗಿ ಕೆಮ್ಮಿದ. ಓವರ್‌ಸಿಯರ್‌ಗೆ ಈಜು ಬರುತ್ತಿರಲಿಲ್ಲ.

ಉಳಿದವರನ್ನು ಕಡವಿನಲ್ಲೇ ನಿಲ್ಲಿಸಿ ಒಬ್ಬೊಬ್ಬಳನ್ನೇ ಕರೆದ. ಬಂದವಳು ತಾನು ಉಜ್ಜಿದ ಕಡೆ ಹೋಗಿ ತೋಳೆತ್ತುವಳು. ಗೇರುಸಿಪ್ಪೆಯ ಎಣ್ಣೆಗೆ ಕಪ್ಪಾದ ಬೆರಳು ಸುಣ್ಣದ ಮೇಲೆ ಊರಿದಲ್ಲಿ ಅವನು ಪೆನ್ಸಿಲಿನಿಂದ ಗುರುತು ಹಾಕುವನು. ಗಿಡ್ಡಿ ರಮಣಿ ಸ್ಟೂಲು ಕೇಳಿದಳು. ಉಜ್ಜುವಾಗಲೂ ಅದರ ಮೇಲೇ ನಿಂತಿದ್ದಳಂತೆ, ಎರಡು ಸಲ ಬಿದ್ದಿದ್ದಳಂತೆ. ಕೊನೆಗೆ ಟೇಪು ಹೊರಬಂತು. ಹನ್ನೊಂದು ಗುರುತಿನ ನಡುವೆ ನಾಲ್ಕು ಬೆರಳಿನಷ್ಟೂ ಅಂತರವಿರಲಿಲ್ಲ.

ಅವನು ಹಾನಿಯ ನಮೂನೆಯ ಕಾಗದ ಬಿಚ್ಚಿದ. ಗೆರೆಯ ಫೋಟೋ ಬೇಕೇ ಬೇಕು, ಕೈಗೆ ಇದರಲ್ಲಿ ಜಾಗವಿಲ್ಲ ಎಂದ.

"ಜಾಗ ನಾವು ಮಾಡ್ಕೊಡ್ತೀವಿ," ಎಂದಳು ವಿಲಾಸಿನಿ.

ಹನ್ನೊಂದೂ ಜನ ಗೋಡೆಯುದ್ದಕ್ಕೂ ಸಾಲಾಗಿ ನಿಂತು ಗುರುತಿಗೆ ಕೈ ಊರಿದರು. ಮುಖ ಬೇಡ, ಕೈ ಸಾಕು, ಆ ಕಡೆ ತಿರುಗಿ ಎಂದ ಓವರ್‌ಸಿಯರ್. ಯಾರೂ ತಿರುಗಲಿಲ್ಲ. ಕೈಯನ್ನೂ ಇಳಿಸಲಿಲ್ಲ. ಅವನು ಫೋಟೋ ತೆಗೆದು, ಔಸೇಪನ ಹೆಸರಿನ ಮುಂದೆ ಬರೆದುಕೊಂಡ: ಆರು ಅಡಿ ಒಂದು ಅಂಗುಲ.